ಮಿದುಳಿನ ದಾರಿಗಳೂ ಮನೆಯ ಮಾತೂ

ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ



ಈ ವೇದಿಕೆಯ ಮೇಲೆ ನಿಂತು ಮಾತನಾಡುವ ಅರ್ಹತೆ ನಮಗಿದೆಯೆಂದು ನಾವು ಎಂದೂ ಭಾವಿಸಿದವರಲ್ಲ. ನಾವು ಪಂಡಿತರಲ್ಲ, ವೈದ್ಯರಂತೂ ಅಲ್ಲವೇ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ಬೆಳಿಗ್ಗೆ ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಸಂಜೆ ಡೊಂಬಿವಲಿಯಲ್ಲಿ ಗಾಡಿ ಇಳಿಯುವ ಗುಮಾಸ್ತರು. ಕಾರ್ಯದರ್ಶಿಗಳು 'ಉಳಿತಾಯದ ಮಹತ್ವ'ವನ್ನು ಕುರಿತು ನಾಲ್ಕು ಮಾತು ಹೇಳಿರೆಂದು ಅಪ್ಪಣೆ ಮಾಡಿದರು. ತಿಂಗಳ ಕೊನೆಯ ವಾರದಲ್ಲಿ ಆ ವಿಷಯದ ಮೇಲೆ ಮಾತನಾಡುವ ಧೈರ್ಯ ನಮಗೆ ಬರಲಿಲ್ಲ. ಆದುದರಿಂದ ಬೇರೊಂದು ವಿಷಯಕ್ಕೆ ಅನುಮತಿ ಬೇಡಿದೆವು. ಅವರು ದೊಡ್ಡ ಮನಸ್ಸಿನಿಂದ ಕೊಟ್ಟರು.

'ನಾವು' ಎಂದು ಹೇಳುತ್ತಿರುವುದು ದೊಡ್ಡಸ್ತಿಕೆಗಲ್ಲ. ಇಂದು ಹೇಳಹೊರಟಿರುವುದು ಒಬ್ಬರ ಮಾತಲ್ಲ. ನಮ್ಮ ಮನೆಯ ಮೂರು ತಲೆಮಾರಿನ ಮಾತು. ಗದುಗಿನ ಕಡೆಯ ಹಳ್ಳಿಯಿಂದ ಬಂದು ನಮ್ಮೊಡನಿರುವ ಅವ್ವ, ನಮ್ಮ ಮನೆಯವರು, ಮತ್ತು ಎಂಟು ವರ್ಷದ ನಮ್ಮ ಮಗ, ಇವರೆಲ್ಲರೂ ಆ 'ನಾವು' ಎಂಬುದರೊಳಗೆ ಇದ್ದಾರೆ. ಮಗನಿಗೆ ಆಟಿಸಂ ಇದೆ. ಅದರ ಜೊತೆಗೆ ಎ.ಡಿ.ಎಚ್.ಡಿ. ಎಂಬ, ಗಮನ ನಿಲ್ಲದ, ಮೈ ಒಂದೆಡೆ ಕೂರದ ತೊಂದರೆಯೂ ಇದೆ. ಈ ಎರಡು ಮಾತುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳಲು ನಮಗೆ ನಾಲ್ಕು ವರ್ಷ ಬೇಕಾಯಿತು.

ಅವನಿಗೆ ಮೂರು ತುಂಬಿದಾಗ ನಾವು ಕಂಡುದು ಇಷ್ಟು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಚಮಚಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ಒಂದನ್ನು ಯಾರಾದರೂ ಎತ್ತಿದರೆ ಮನೆ ಹಾರಿಹೋಗುವಂತೆ ಅಳುತ್ತಿದ್ದ. 'ನೀರು ಬೇಕು' ಎಂದು ಕೇಳಲು ಬಾರದ ಅದೇ ಬಾಯಿ ಠಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ ಎಂದು ಗಾಡಿಯೊಳಗಿನ ಧ್ವನಿಯ ಏರಿಳಿತದೊಡನೆ ಒಪ್ಪಿಸುತ್ತಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡುವುದೊಂದು ನಿಲ್ಲುತ್ತಿರಲಿಲ್ಲ.

ಇದಕ್ಕೆ ನಮ್ಮ ಜನ ಕೊಟ್ಟ ಕಾರಣಗಳು ಹಲವು. ಹಟಮಾರಿ ಎಂದರು ಕೆಲವರು. ತಾಯಿ ಮುದ್ದುಮಾಡಿ ಕೆಡಿಸಿದಳು ಎಂದರು ಕೆಲವರು. ಅದೇ ತಾಯಿ ನೌಕರಿಗೆ ಹೋಗಿ ಮಗುವನ್ನು ಮರೆತಳು ಎಂದವರೂ ಉಂಟು. ಒಂದೇ ತಾಯಿ ಎರಡು ವಿರುದ್ಧ ತಪ್ಪುಗಳನ್ನು ಹೇಗೆ ಮಾಡಿಯಾಳೆಂದು ಯಾರೂ ಕೇಳಲಿಲ್ಲ. ಕಟ್ಟಡದ ಒಬ್ಬರು 'ಠಾಣೆಗೆ ಕಳಿಸಬೇಕಾದೀತು' ಎಂದು ನಕ್ಕರು. 1901ರಲ್ಲಿ ಸ್ಥಾಪನೆಯಾದ ಮನೋರುಗ್ಣಾಲಯ ಠಾಣೆಯಲ್ಲಿರುವುದರಿಂದ ಮುಂಬಯಿಯಲ್ಲಿ ಈ ಚೇಷ್ಟೆಯ ಮಾತು ಬಹಳ ಹಳೆಯದು. ಆ ದಿನ ಅದು ನಮಗೆ ಚೇಷ್ಟೆಯಾಗಿ ಕೇಳಿಸಲಿಲ್ಲ.

ತಾಯಿಯನ್ನು ದೂರುವುದು ನಮ್ಮವರ ಚಾಳಿ ಮಾತ್ರವೆಂದು ತಿಳಿಯಬಾರದು. ದೊಡ್ಡ ದೊಡ್ಡ ದೇಶಗಳ ವಿದ್ವಾಂಸರೂ ಅದನ್ನೇ ಮಾಡಿದರು. 1943ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯರು ಇಂತಹ ಹನ್ನೊಂದು ಮಕ್ಕಳನ್ನು ಕುರಿತು ಲೇಖನ ಬರೆದರು. ಆಟಿಸಂ ಎಂಬ ಸ್ಥಿತಿ ವೈದ್ಯಶಾಸ್ತ್ರದ ಲೆಕ್ಕಕ್ಕೆ ಜಮೆಯಾದುದು ಅಂದಿನಿಂದ. ಅನಂತರ, ತಾಯಿಯ ಪ್ರೀತಿ ತಣ್ಣಗಾದುದೇ ಇದಕ್ಕೆ ಕಾರಣವೆಂಬ ವಾದ ಹಬ್ಬಿತು. 1967ರಲ್ಲಿ ಷಿಕಾಗೋದ ಬ್ರೂನೋ ಬೆಟಲ್‌ಹೈಮ್ ಅದನ್ನೇ ಸಾರುವ ಪುಸ್ತಕ ಬರೆದರು. ಆದರೆ ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಹುಟ್ಟಿನಿಂದಲೇ ಬರುವ ಮಿದುಳಿನ ವಿಷಯವೆಂದು ವಾದಿಸಿದ್ದರು. ಅವರ ಮಗನಿಗೂ ಆಟಿಸಂ ಇತ್ತು. 1977ರಲ್ಲಿ ಲಂಡನ್ನಿನಲ್ಲಿ ಇಪ್ಪತ್ತೊಂದು ಜೊತೆ ಅವಳಿ ಮಕ್ಕಳನ್ನು ಪರೀಕ್ಷಿಸಿದಾಗ ವಂಶವಾಹಿಗಳ ಪಾತ್ರ ಬಹಳವಿದೆಯೆಂದು ಕಂಡುಬಂತು. ತಾಯಂದಿರ ಮೇಲಿನ ದೂರು ಶಾಸ್ತ್ರದ ಪುಸ್ತಕಗಳಿಂದ ಹೊರಟುಹೋಗಿ ಬಹಳ ಕಾಲವಾಯಿತು. ನಮ್ಮ ಮದುವೆ ಮನೆಗಳಿಂದ ಇನ್ನೂ ಹೊರಟಿಲ್ಲ.

ಇನ್ನು ಎ.ಡಿ.ಎಚ್.ಡಿ. 1902ರಲ್ಲಿಯೇ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂತಹ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದ್ದರು. ಆದರೂ ಆಟಿಸಂ ಮತ್ತು ಎ.ಡಿ.ಎಚ್.ಡಿ. ಎರಡೂ ಒಂದೇ ಮಗುವಿಗೆ ಇವೆಯೆಂದು ಬರೆಯಲು ಅಮೆರಿಕೆಯ ವೈದ್ಯರ ಕೈಪಿಡಿ ಅವಕಾಶ ಕೊಟ್ಟುದು 2013ರಲ್ಲಿ. ಅಲ್ಲಿಯವರೆಗೆ ಒಂದು ಖಾತೆ ತೆರೆದರೆ ಇನ್ನೊಂದನ್ನು ತೆರೆಯುವಂತಿರಲಿಲ್ಲ! ಮಕ್ಕಳು ಮಾತ್ರ ನಿಯಮ ಓದದೆ ಎರಡನ್ನೂ ಹೊತ್ತುಕೊಂಡೇ ಹುಟ್ಟುತ್ತಿದ್ದರು.

ಹಾಗಾದರೆ ಮಿದುಳಿನಲ್ಲಿ ಆಗಿರುವುದೇನು? ನಾವು ಓದಿ, ವೈದ್ಯರನ್ನು ಕೇಳಿ ತಿಳಿದುದನ್ನು ನಮ್ಮ ನಿಮ್ಮೆಲ್ಲರಿಗೂ ಪರಿಚಯವಾದ ಒಂದು ವಸ್ತುವಿನ ಮೂಲಕ ಹೇಳಲು ಯತ್ನಿಸುತ್ತೇವೆ. ಅದು ರೈಲು. 1853ನೆಯ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೂವತ್ತನಾಲ್ಕು ಕಿಲೋಮೀಟರು ಓಡಿದ ಆ ಗಾಡಿಯ ಮಕ್ಕಳು ಮೊಮ್ಮಕ್ಕಳಲ್ಲಿಯೇ ನಮ್ಮ ಅರ್ಧ ಆಯುಷ್ಯ ಕಳೆಯುತ್ತಿದೆ. ಆದುದರಿಂದ ಈ ಹೋಲಿಕೆ ಯಾರಿಗೂ ಕಷ್ಟವಾಗಲಾರದು.

ಮನುಷ್ಯನ ಮಿದುಳಿನಲ್ಲಿ ಸುಮಾರು ಎಂಟು ಸಾವಿರದ ಆರುನೂರು ಕೋಟಿ ನರಕೋಶಗಳಿವೆ. ಒಂದು ಭಾಗ ನೋಡುವುದಕ್ಕೆ, ಒಂದು ಕೇಳುವುದಕ್ಕೆ, ಒಂದು ಮಾತಿಗೆ, ಒಂದು ಕೈಕಾಲು ಆಡಿಸುವುದಕ್ಕೆ. ಇವುಗಳನ್ನು ಸ್ಟೇಶನ್ನುಗಳೆಂದು ಭಾವಿಸಿರಿ. ಆದರೆ ಸ್ಟೇಶನ್ನುಗಳಿದ್ದ ಮಾತ್ರಕ್ಕೆ ಊರು ನಡೆಯದು. ನಡುವೆ ಹಳಿಗಳು ಬೇಕು. ಮಿದುಳಿನಲ್ಲಿ ಹತ್ತಿರದ ಭಾಗಗಳನ್ನು ಕೂಡಿಸುವ ಚಿಕ್ಕ ಎಳೆಗಳೂ ಇವೆ. ಮುಂಭಾಗದಿಂದ ಹಿಂಭಾಗಕ್ಕೆ, ಎಡದಿಂದ ಬಲಕ್ಕೆ ಹೋಗುವ ಉದ್ದನೆಯ ನರತಂತುಗಳ ಕಟ್ಟುಗಳೂ ಇವೆ. ಒಂದು ಸ್ಲೋ ಲೋಕಲ್ಲಿನ ದಾರಿ, ಇನ್ನೊಂದು ದೂರದ ಫಾಸ್ಟ್ ಗಾಡಿಯ ದಾರಿ. ತಾಯಿ ಕೂಗಿದ ಶಬ್ದವನ್ನು ಕಿವಿಯ ಭಾಗ ಹಿಡಿಯಬೇಕು, 'ಇದು ನನ್ನ ಹೆಸರು' ಎಂದು ಅರ್ಥದ ಭಾಗ ಗುರುತಿಸಬೇಕು, ಕೈಯಲ್ಲಿರುವ ಚಮಚವನ್ನು ಬಿಡೆಂದು ಇನ್ನೊಂದು ಹೇಳಬೇಕು, ಕುತ್ತಿಗೆ ತಿರುಗಬೇಕು. ಒಂದು ಸಲ ತಿರುಗಿ ನೋಡುವುದೆಂದರೆ ಇಷ್ಟು ಸ್ಟೇಶನ್ನುಗಳ ಒಪ್ಪಂದ.

ಬದುಕಿರುವ ಮನುಷ್ಯನ ತಲೆಯೊಳಗಿನ ಈ ಸಂಚಾರವನ್ನು ಕಾಣುವುದು ಹೇಗೆ? ಎಂ.ಆರ್.ಐ. ಯಂತ್ರದಿಂದ ಮಿದುಳಿನ ಯಾವ ಭಾಗದಲ್ಲಿ ರಕ್ತದ ಆಮ್ಲಜನಕ ಏರಿಳಿಯುತ್ತದೆಂದು ನೋಡಬಹುದೆಂಬುದನ್ನು 1990ರಲ್ಲಿ ಜಪಾನಿನ ಸೇಜಿ ಒಗಾವಾ ತೋರಿಸಿದರು. 1995ರಲ್ಲಿ ಅಮೆರಿಕೆಯ ವಿಸ್ಕಾನ್ಸಿನ್‌ನಲ್ಲಿ ಓದುತ್ತಿದ್ದ ಭಾರತೀಯ ಮೂಲದ ಭರತ್ ಬಿಸ್ವಾಲ್ ಒಂದು ಸೋಜಿಗ ಕಂಡರು. ಕೈ ಆಡಿಸದೆ ಸುಮ್ಮನೆ ಮಲಗಿರುವವರಲ್ಲಿಯೂ ಎಡಗೈಯ ಭಾಗ, ಬಲಗೈಯ ಭಾಗ ಎರಡೂ ಕೂಡಿಯೇ ಏರುತ್ತವೆ, ಕೂಡಿಯೇ ಇಳಿಯುತ್ತವೆ! ಪಾದಚಾರಿ ಸೇತುವೆಯ ಮೇಲೆ ನಿಂತವನು ಠಾಣೆಯ ಜನಸಂದಣಿಯೂ ಕಲ್ಯಾಣದ ಜನಸಂದಣಿಯೂ ಒಟ್ಟೊಟ್ಟಿಗೆ ಹೆಚ್ಚಿ ಒಟ್ಟೊಟ್ಟಿಗೆ ತಗ್ಗುವುದನ್ನು ಕಂಡರೆ, ಹಳಿ ನೋಡದೆಯೂ ಇವೆರಡಕ್ಕೆ ಸಂಬಂಧವಿದೆಯೆಂದು ಊಹಿಸುವನಲ್ಲವೆ? ಅದೇ ರೀತಿ. ಸಂಬಂಧ ನೇರವಾಗಿರಬಹುದು, ಮೂರನೆಯ ಸ್ಟೇಶನ್ನಿನ ಮೂಲಕವೂ ಇರಬಹುದು. ಹೀಗೆ ಕೂಡಿ ಏರಿಳಿಯುವ ಭಾಗಗಳ ಗುಂಪಿಗೆ ಜಾಲವೆಂದು ಹೆಸರು.

2001ರಲ್ಲಿ ಮಾರ್ಕಸ್ ರೇಕಲ್ ಮತ್ತು ಸಂಗಡಿಗರು ಇನ್ನೊಂದು ಮಾತು ಹೇಳಿದರು. ನಾವು ಏನೂ ಮಾಡದೆ ಕುಳಿತಾಗ, ನೆನಪಿನಲ್ಲಿ, ಹಗಲುಗನಸಿನಲ್ಲಿ ತೇಲುವಾಗ, ಒಂದು ಜಾಲ ಚುರುಕಾಗಿರುತ್ತದೆ. ಕೆಲಸಕ್ಕೆ ತೊಡಗಿದೊಡನೆ ಅದು ತಗ್ಗುತ್ತದೆ. ಇದನ್ನು ವಿಶ್ರಾಂತಿಯ ಜಾಲವೆನ್ನೋಣ. ಕೆಲಸದ ಜಾಲ ಬೇರೆ. 2011ರಲ್ಲಿ ಸ್ಟ್ಯಾನ್‌ಫರ್ಡಿನ ವಿನೋದ ಮೆನನ್ ಅವರು, ಯಾವುದು ಮುಖ್ಯವೆಂದು ಗುರುತಿಸಿ ಇವೆರಡರ ನಡುವೆ ಬದಲಾಯಿಸುವ ಮೂರನೆಯ ಜಾಲವನ್ನೂ ಸೇರಿಸಿ ಒಂದು ವಿವರಣೆ ಕೊಟ್ಟರು. ಇದು ಸಿಗ್ನಲ್ ಕ್ಯಾಬಿನ್ನಿನ ಕೆಲಸ. ಕಲ್ಯಾಣದಲ್ಲಿ ಕಸಾರಾ ಕಡೆಗೊಂದು, ಕರ್ಜತ್ ಕಡೆಗೊಂದು ದಾರಿ ಸೀಳುತ್ತದೆ. ಯಾವ ಗಾಡಿ ಯಾವ ಕಡೆಗೆಂದು ಹೇಳುವವರು ಅರೆನಿಮಿಷ ತಡಮಾಡಿದರೂ ಏನಾಗುತ್ತದೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ.

ಆಟಿಸಂ ಇರುವವರಲ್ಲಿ ಈ ಜಾಲಗಳು ಹೇಗಿವೆ? 2004ರಲ್ಲಿ ಮಾರ್ಸೆಲ್ ಜಸ್ಟ್ ಮತ್ತು ಸಂಗಡಿಗರು, ವಾಕ್ಯವನ್ನು ಓದಿ ಅರ್ಥಮಾಡಿಕೊಳ್ಳುವಾಗ ದೂರದೂರದ ಭಾಗಗಳ ಹೊಂದಾಣಿಕೆ ಕಡಮೆಯಿರುತ್ತದೆಂದು ಹೇಳಿದರು. ಹತ್ತಿರದ ಎಳೆಗಳು ಹೆಚ್ಚು, ದೂರದ ಎಳೆಗಳು ಕಡಮೆ ಎಂಬ ವಿಚಾರ ಬಹಳ ಜನಪ್ರಿಯವಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 2004ಕ್ಕೆ ಮೊದಲು ಠಾಣೆಯಿಂದ ವಾಶಿಗೆ ರೈಲಿನಲ್ಲಿ ಹೋಗಬೇಕಾದರೆ ಕುರ್ಲಾಕ್ಕೆ ಹೋಗಿ ಹಾರ್ಬರ್ ಗಾಡಿ ಹಿಡಿಯಬೇಕಾಗಿತ್ತು. ವಾಶಿ ಇತ್ತು, ಠಾಣೆ ಇತ್ತು, ಜನರೂ ತಲುಪುತ್ತಿದ್ದರು; ಆದರೆ ಸುತ್ತುದಾರಿ. ಕೂಗಿದೊಡನೆ ತಿರುಗದ ಮಗು ಕೇಳಿಸಿಕೊಂಡಿಲ್ಲವೆಂದಲ್ಲ, ಅಸಡ್ಡೆಯೂ ಅಲ್ಲ. ಆ ಕೂಗು ಕುರ್ಲಾದ ಮೇಲೆ ಹೋಗುತ್ತಿರಬಹುದು. ಹೀಗೆಂದು ತಿಳಿದ ದಿನದಿಂದ ನಾವು ಒಮ್ಮೆ ಕರೆದು ಸುಮ್ಮನೆ ಹತ್ತು ಎಣಿಸುವುದನ್ನು ಕಲಿತೆವು. ಎಷ್ಟೋ ಸಲ ಏಳಕ್ಕೋ ಎಂಟಕ್ಕೋ ಅವನ ಮುಖ ತಿರುಗುತ್ತದೆ. ಮೊದಲು ನಾವು ಮೂರಕ್ಕೇ ಎರಡನೆಯ ಕೂಗು ಹಾಕಿ ಮೊದಲನೆಯ ಗಾಡಿಯನ್ನೇ ತಡೆದುಬಿಡುತ್ತಿದ್ದೆವು.

ಆದರೆ ಶಾಸ್ತ್ರ ಅಲ್ಲಿಗೆ ನಿಲ್ಲಲಿಲ್ಲ. 2012ರಲ್ಲಿ ಹದಿನೇಳು ಕೇಂದ್ರಗಳು ತಮ್ಮ ಚಿತ್ರಗಳನ್ನೆಲ್ಲ ಒಂದೇ ಭಂಡಾರದಲ್ಲಿಟ್ಟು ಜಗತ್ತಿಗೆ ತೆರೆದವು: ಆಟಿಸಂ ಇರುವ 539 ಮಂದಿ, ಇಲ್ಲದ 573 ಮಂದಿ, ಒಟ್ಟು 1,112. ಇಷ್ಟನ್ನು ಕೂಡಿಸಿ ನೋಡಿದಾಗ ಕೆಲವು ಕಡೆ ಜೋಡಣೆ ಕಡಮೆ, ಕೆಲವು ಕಡೆ ಹೆಚ್ಚು ಎಂದು ಕಂಡಿತು. ಒಂದೇ ಸೂತ್ರಕ್ಕೆ ಎಲ್ಲರೂ ಸಿಗಲಿಲ್ಲ. ಒಬ್ಬ ಆಟಿಸಂ ಮಗುವನ್ನು ಕಂಡವರು ಒಬ್ಬ ಮಗುವನ್ನು ಮಾತ್ರ ಕಂಡಂತೆ.

ಎ.ಡಿ.ಎಚ್.ಡಿ.ಯ ವಿಷಯದಲ್ಲಿ 2007ರಲ್ಲಿ ಎರಡು ಮುಖ್ಯ ಮಾತುಗಳು ಬಂದವು. ಒಂದು, ಕೆಲಸಕ್ಕೆ ತೊಡಗಿದಾಗ ತಗ್ಗಬೇಕಾದ ವಿಶ್ರಾಂತಿಯ ಜಾಲ ಸರಿಯಾಗಿ ತಗ್ಗದೆ ನಡುನಡುವೆ ನುಗ್ಗುತ್ತದೆ ಎಂಬ ಊಹೆ. ಆಫೀಸಿನ ಹೊತ್ತಿನಲ್ಲಿ ಗೂಡ್ಸ್ ಗಾಡಿ ಮುಖ್ಯ ಹಳಿಯ ಮೇಲೆಯೇ ನಿಂತರೆ ಹೇಗೋ ಹಾಗೆ. ಹುಡುಗ ಲೆಕ್ಕ ಮಾಡಲು ಕೂರುವುದು ನಿಜ, ಮನಸ್ಸಿರುವುದೂ ನಿಜ; ಗೂಡ್ಸ್ ಸರಿಯದು. ಇನ್ನೊಂದು, ಫಿಲಿಪ್ ಷಾ ಮತ್ತು ಸಂಗಡಿಗರು ಅಮೆರಿಕೆಯಲ್ಲಿ ಎ.ಡಿ.ಎಚ್.ಡಿ. ಇರುವ 223 ಮಕ್ಕಳನ್ನೂ ಇಲ್ಲದ ಅಷ್ಟೇ ಮಕ್ಕಳನ್ನೂ ಹೋಲಿಸಿದುದು. ಮಿದುಳಿನ ಹೊರಪದರ ಪಕ್ವವಾಗುವ ಒಂದು ಹಂತ ಉಳಿದ ಮಕ್ಕಳಲ್ಲಿ ಏಳೂವರೆ ವರ್ಷದ ಹೊತ್ತಿಗೆ ಬಂದರೆ, ಇವರಲ್ಲಿ ಹತ್ತೂವರೆ ವರ್ಷದ ಹೊತ್ತಿಗೆ ಬಂದಿತು. ಬೆಳವಣಿಗೆಯ ಕ್ರಮ ಅದೇ. ವೇಳೆ ಮಾತ್ರ ತಡ. ತಡವಾಯಿತೆಂದರೆ ಆಗುವುದೇ ಇಲ್ಲವೆಂದಲ್ಲ. ಠಾಣೆ-ದಿವಾ ನಡುವಿನ ಐದನೆಯ ಆರನೆಯ ಹಳಿಗಳಿಗಾಗಿ 2022ರವರೆಗೆ ಕಾದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಲೇಬೇಕು. ಯಂತ್ರದೊಳಗೆ ಮಲಗಿದವರು ತಲೆ ಅಲುಗಿಸಬಾರದು. 2012ರಲ್ಲಿ ಸೇಂಟ್ ಲೂಯಿಸ್‌ನ ಸಂಶೋಧಕರೂ ಬೇರೆ ಗುಂಪುಗಳೂ ಒಂದು ಎಚ್ಚರಿಕೆ ಕೊಟ್ಟವು. ತಲೆ ಒಂದಿಷ್ಟು ಅಲುಗಿದರೂ ಚಿತ್ರದಲ್ಲಿ ದೂರದ ಜೋಡಣೆ ಕಡಮೆಯಾಗಿ, ಹತ್ತಿರದ ಜೋಡಣೆ ಹೆಚ್ಚಾಗಿ ಕಾಣುತ್ತದೆ ಎಂದು! ಅಂದರೆ, ಮಿದುಳಿನ ಭೇದವೆಂದು ಬರೆದುದರಲ್ಲಿ ಒಂದು ಪಾಲು ಮಗು ಸುಮ್ಮನೆ ಮಲಗದಿದ್ದುದರ ಫಲವಿರಬಹುದು. ಸಂಜೆ ಕ್ಯಾಶು ಟ್ಯಾಲಿಯಾಗದಾಗ ಲೆಡ್ಜರನ್ನೇ ಬೈದು, ಕೊನೆಗೆ ನಾವೇ ಒಂದು ಅಂಕಿಯನ್ನು ಹಿಂದುಮುಂದು ಬರೆದಿದ್ದೆವೆಂದು ಕಂಡುಕೊಂಡ ಅನುಭವ ನಮಗುಂಟು. ಹಾಗೆಂದು ಶಾಸ್ತ್ರವೇ ಸುಳ್ಳಾಗಲಿಲ್ಲ. ಅಲುಗಾಟವನ್ನು ಕಳೆದು ಲೆಕ್ಕ ಹಾಕುವ ರೀತಿಗಳು ಬಂದವು. ತಪ್ಪನ್ನು ತಾನೇ ಹಿಡಿದು ಪುಸ್ತಕದಲ್ಲಿ ತಿದ್ದುವ ಶಾಸ್ತ್ರದ ಮೇಲೆ ನಮ್ಮ ಗುಮಾಸ್ತ ಬುದ್ಧಿಗೆ ಗೌರವ ಹೆಚ್ಚೇ ಆಯಿತು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಒಂದು ಕಡೆ, ಹೆಸರು ಬೇಡ, 'ನಿಮ್ಮ ಮಗನ ಮಿದುಳಿನ ನಕ್ಷೆ ತೆಗೆದುಕೊಡುತ್ತೇವೆ, ಎಲ್ಲಿ ತಂತಿ ಕಡಿದಿದೆಯೆಂದು ತೋರಿಸಿ ಸರಿಪಡಿಸುತ್ತೇವೆ' ಎಂದರು. ಕೇಳಿದ ಹಣ ನಮ್ಮ ಕೆಲವು ತಿಂಗಳ ಸಂಬಳ. ಪ್ರಾವಿಡೆಂಟ್ ಫಂಡಿನ ಸಾಲಕ್ಕೆ ಅರ್ಜಿ ತುಂಬಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆವು. ಕೊನೆಗೆ ಒಬ್ಬ ಹಿರಿಯ ಮಕ್ಕಳ ವೈದ್ಯರನ್ನು ಕೇಳಿದೆವು. ಅವರು ಹೇಳಿದುದು: 'ಸಾವಿರ ಮಕ್ಕಳ ಸರಾಸರಿಯಲ್ಲಿ ಕಾಣುವ ಭೇದ ನಿಮ್ಮ ಒಬ್ಬ ಮಗನ ಚಿತ್ರದಲ್ಲಿ ಓದಲು ಬರುವುದಿಲ್ಲ. ನಿಮ್ಮ ಶಾಖೆಯ ಖಾತೆಗಳ ಸರಾಸರಿ ಬಾಕಿ ಗೊತ್ತಿದ್ದರೆ ನನ್ನ ಪಾಸ್‌ಬುಕ್ಕಿನಲ್ಲಿ ಎಷ್ಟಿದೆಯೆಂದು ಹೇಳಬಲ್ಲಿರಾ?' ಅಷ್ಟು ಮಾತು ನಮಗೆ ಸಾಕಾಯಿತು. ಅರ್ಜಿಯನ್ನು ಹರಿದುಹಾಕಿದೆವು. ಮೂರ್ಛೆ ಮೊದಲಾದವು ಇದ್ದಾಗ ವೈದ್ಯರು ಹೇಳಿದರೆ ಎಂ.ಆರ್.ಐ. ಮಾಡಿಸಲೇಬೇಕು, ಅದು ಬೇರೆ ಮಾತು. ಆದರೆ ಆಟಿಸಂ ಆಗಲಿ ಎ.ಡಿ.ಎಚ್.ಡಿ. ಆಗಲಿ ಗೊತ್ತಾಗುವುದು ಬಲ್ಲವರು ಮಗುವನ್ನು ನೋಡಿ, ಜೊತೆಗೆ ಆಡಿ, ಮನೆಯವರನ್ನು ವಿವರವಾಗಿ ಕೇಳುವುದರಿಂದಲೇ. ಹಾಗೆಯೇ ಸ್ಟೆಮ್ ಸೆಲ್ ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಆ ಚಿಕಿತ್ಸೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಹೇಳಿದೆ. ಉಳಿತಾಯದ ಮೇಲೆ ಮಾತನಾಡಲಿಲ್ಲವೆಂದು ಕಾರ್ಯದರ್ಶಿಗಳು ಬೇಸರಿಸಬೇಕಿಲ್ಲ. ಇದೇ ನಮ್ಮ ಉಳಿತಾಯದ ಉಪದೇಶ.

ಈಗ ಹೃದಯಕ್ಕೆ ಹತ್ತಿರದ ಮಾತಿಗೆ ಬರುತ್ತೇವೆ. ಮಗನಿಗೆ ನಾಲ್ಕು ವರ್ಷವಿದ್ದಾಗ ಒಂದು ಶಾಲೆಯವರು ನಮ್ಮನ್ನು ಕೂರಿಸಿ ಹೇಳಿದರು: 'ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಇಲ್ಲಿ ಇಂಗ್ಲಿಷು. ಈ ಮಗುವಿನ ತಲೆಗೆ ಇಷ್ಟು ಭಾರ ಏಕೆ? ಕನ್ನಡ ಬಿಡಿರಿ. ಇಂಗ್ಲಿಷೊಂದನ್ನೇ ಆಡಿರಿ.' ಹೇಳಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ನಮಗೂ ನಿಜವೆನಿಸಿತು. ದಾರಿಗಳೇ ತೊಡಕಾಗಿರುವಾಗ ಗಾಡಿಗಳನ್ನು ಕಡಮೆಮಾಡುವುದು ಜಾಣತನವೆಂದು ತೋರಿತು. ಮನೆಗೆ ಬಂದು ಅವ್ವನಿಗೆ ತಿಳಿಸಿದೆವು.

ಅವ್ವನಿಗೆ ಕನ್ನಡದ ಹೊರತು ಬೇರೆ ಭಾಷೆ ಬಾರದು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: 'ನಾ ಮಾತಾಡಿದ್ರ ಕೂಸಿಗೆ ತ್ರಾಸ ಆಗ್ತದಂದ್ರ ಬಿಡಪ್ಪಾ, ನಾ ಬಾಯಿ ಮುಚಗೊಂಡು ಇರ್ತೀನಿ.' ಹೇಳಿದಂತೆಯೇ ಇದ್ದಳು. ಏಳು ತಿಂಗಳು ಅವಳು ಮೊಮ್ಮಗನಿಗೆ ರೊಟ್ಟಿ ಮುರಿದು ಹಾಕಿದಳು, ಎಣ್ಣೆ ಹಚ್ಚಿದಳು, ಬೆನ್ನು ತಟ್ಟಿ ಮಲಗಿಸಿದಳು, ಒಂದು ಮಾತಾಡಲಿಲ್ಲ. ನಾವಿಬ್ಬರೂ ಆಫೀಸಿನ ಇಂಗ್ಲಿಷಿನಲ್ಲಿ ಮಗನಿಗೆ 'ಕಮ್, ಸಿಟ್, ಈಟ್' ಎಂದು ಸರ್ಕ್ಯುಲರು ಹೊರಡಿಸುತ್ತಿದ್ದೆವು. ಲಾಲಿಸುವ ಇಂಗ್ಲಿಷು ನಮಗೆ ಬರುತ್ತಿರಲಿಲ್ಲ. ಅವನ ಮಾತು ಹೆಚ್ಚಲಿಲ್ಲ. ಮನೆಯ ಮಾತು ಮಾತ್ರ ಕಡಮೆಯಾಯಿತು.

ಅದೇ ಹಿರಿಯ ವೈದ್ಯರು ಇದನ್ನು ಕೇಳಿ ತಲೆ ಕೈಯಲ್ಲಿ ಹಿಡಿದುಕೊಂಡರು. 2012ರಲ್ಲಿ ಕೆನಡಾದಲ್ಲಿ ಆಟಿಸಂ ಇರುವ ಎಪ್ಪತ್ತೈದು ಮಕ್ಕಳನ್ನು ನೋಡಿದ್ದಾರೆ, ಎರಡು ಭಾಷೆಗಳ ನಡುವೆ ಬೆಳೆದವರ ಮಾತು ಒಂದೇ ಭಾಷೆಯಲ್ಲಿ ಬೆಳೆದವರಿಗಿಂತ ಹಿಂದೆ ಬಿದ್ದಿಲ್ಲ ಎಂದರು. ಮನೆಮಾತು ಈ ಮಕ್ಕಳಿಗೆ ಭಾರವೆಂಬುದಕ್ಕೆ ಆಧಾರವಿಲ್ಲ. ಮನೆಯವರು ಸಹಜವಾಗಿ, ಹೆಚ್ಚಾಗಿ, ಪ್ರೀತಿಯಿಂದ ಆಡಬಲ್ಲ ಭಾಷೆಯೇ ಮಗುವಿಗೆ ಬೇಕು ಎಂದರು. ಕೊನೆಗೆ ಕೇಳಿದರು: 'ಹಗಲೆಲ್ಲ ಮಗುವಿನ ಜೊತೆ ಇರುವವರು ಯಾರು?' ಅವ್ವ ಎಂದೆವು. 'ಹಾಗಾದರೆ ಮನೆಯಲ್ಲಿ ಬಹಳ ಓಡುವ ಗಾಡಿಯನ್ನೇ ನಿಲ್ಲಿಸಿದ್ದೀರಿ.'

ಆ ಸಂಜೆ ಅವ್ವನಿಗೆ ಹೇಳಿದೆವು, ಇನ್ನು ಮಾತಾಡು ಎಂದು. ಏಳು ತಿಂಗಳು ಕಟ್ಟಿದ ಬಾಯಿ ಒಮ್ಮೆಲೇ ತೆರೆಯಲಿಲ್ಲ. ಆದರೆ ನಾವು ಕೆಲಸದಲ್ಲಿದ್ದ ಹೊತ್ತಿನಲ್ಲೆಲ್ಲ ಅವಳು ಕಿವಿಯನ್ನಂತೂ ಮುಚ್ಚಿರಲಿಲ್ಲ. ಮರುದಿನ ಮಧ್ಯಾಹ್ನ, ಅಂದು ಬ್ಯಾಂಕಿಗೆ ರಜೆ, ಮಗ ಕಿಟಕಿಯ ಬಳಿ ನಿಂತು ತನ್ನ ಸ್ಟೇಶನ್ನುಗಳನ್ನು ಒಪ್ಪಿಸುತ್ತಿದ್ದ. ಅಡಿಗೆಮನೆಯಿಂದ ಅವ್ವ ಅದೇ ರಾಗದಲ್ಲಿ ಎತ್ತಿದಳು: 'ಮುಂದಿನ ಠೇಶನ್ನ... ಊಟದ ಮನಿ! ಇಳಿಯವ್ರು ಇಳೀರಿ!' ಮಗ ನಿಂತ. ನಾವು ಎಣಿಸಿದೆವು. ಆರಕ್ಕೆ ತಿರುಗಿದ, ಓಡಿಬಂದು ಮಣೆಯ ಮೇಲೆ ಕುಳಿತ. ತಿಂಗಳೊಳಗೆ ನಮ್ಮ ಮನೆಯಲ್ಲಿ ಜಳಕದ ಠೇಶನ್ನು, ಹಾಸಿಗೆಯ ಠೇಶನ್ನು, ಅಭ್ಯಾಸದ ಠೇಶನ್ನು ಎಲ್ಲವೂ ತೆರೆದವು. ಅವನು ತಾನಾಗಿ ಕೇಳಿದ ಮೊದಲ ಮಾತೂ ಆ ದಾರಿಯಲ್ಲಿಯೇ ಬಂತು: 'ಆಯಿ, ನೀರಿನ ಠೇಶನ್ನ.' ಧಾರವಾಡದ ಕಡೆಯ ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ಡೊಂಬಿವಲಿಯಲ್ಲಿ ಕೇಳಿದವರು ತಾಯಿಯನ್ನು ಕರೆದನೆಂದುಕೊಂಡರೆ ಅದೂ ತಪ್ಪಲ್ಲ.

ಇದನ್ನು ಪವಾಡವೆಂದು ಯಾರೂ ತಿಳಿಯಬಾರದು. ಮಾತು ಕಲಿಸುವವರ ಬಳಿಗೂ, ಕೈಮೈಗಳ ಹೊಂದಾಣಿಕೆ ಕಲಿಸುವ ಆಕ್ಯುಪೇಶನಲ್ ಥೆರಪಿಗೂ ವಾರವಾರ ಹೋಗುತ್ತಲೇ ಇದ್ದೇವೆ. ಚಂಚಲತೆಗೆ ವೈದ್ಯರು ಯೋಚಿಸಿ ಕೊಟ್ಟ ಔಷಧಿಯೂ ಉಂಟು. ಇಂದಿಗೂ ಅವನ ಮಾತು ತುಂಡುತುಂಡು. ಈಗ ಕೆಲವು ಹೊತ್ತಿನ ಹಿಂದೆ ಡೊಳ್ಳು ಬಾರಿಸಿದಾಗ ಕಿವಿ ಮುಚ್ಚಿಕೊಂಡು ತಾಯಿಯೊಡನೆ ಹೊರಗೆ ಹೋದ ಹುಡುಗ ಅವನೇ.

ಇದು ನಮ್ಮ ಒಂದು ಮನೆಯ ಕಥೆಯೆಂದೂ ತಿಳಿಯಬೇಡಿರಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಗೋವೆಯೂ ಸೇರಿ ದೇಶದ ಐದು ಕಡೆಗಳಲ್ಲಿ ಎರಡರಿಂದ ಒಂಬತ್ತು ವರ್ಷದ 3,964 ಮಕ್ಕಳನ್ನು ಪರೀಕ್ಷಿಸಿದರು. ಬೆಳವಣಿಗೆಯ ಒಂಬತ್ತು ಬಗೆಯ ತೊಂದರೆಗಳಲ್ಲಿ ಒಂದಾದರೂ ಇದ್ದ ಮಕ್ಕಳು ಸುಮಾರು ಎಂಟರಲ್ಲಿ ಒಬ್ಬರು. ಈ ಸಭೆಯಲ್ಲಿ ಎಷ್ಟು ಸಾಲು ಕುರ್ಚಿಗಳಿವೆಯೆಂದು ತಾವೇ ಎಣಿಸಿಕೊಳ್ಳಬಹುದು.

ಆದುದರಿಂದ ಸಂಘದ ಮುಂದೆ ನಾಲ್ಕು ಅರಿಕೆಗಳು.

ಮೊದಲನೆಯದು, ಇಂತಹ ಮಗುವಿನ ತಾಯಿಯನ್ನು 'ನೀನು ಏನು ಮಾಡಿದೆ' ಎಂದು ಕೇಳುವುದನ್ನು ಬಿಡೋಣ. 'ನಾವು ಏನು ಮಾಡಬಹುದು' ಎಂದು ಕೇಳೋಣ.

ಎರಡನೆಯದು, ನಮ್ಮ ಸಮಾರಂಭಗಳಲ್ಲಿ ಒಂದು ಶಾಂತವಾದ ಕೋಣೆ ಇರಲಿ, ಧ್ವನಿವರ್ಧಕ ಒಂದು ಗೆರೆ ತಗ್ಗಿರಲಿ. ಕನ್ನಡದ ಘನತೆ ಅದರಿಂದ ತಗ್ಗದು.

ಮೂರನೆಯದು, ಎಲ್ಲಿಗೆ ಹೋಗಬೇಕೆಂಬುದನ್ನು ಬರೆದ ಒಂದು ಹಾಳೆ ಸಂಘದ ಫಲಕದ ಮೇಲಿರಲಿ. ವಾಶಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆಯ ಇ.ಟಿ.ಸಿ. ಕೇಂದ್ರವಿದೆ. ಖಾರ್ಘರ್‌ನಲ್ಲಿ ಕೇಂದ್ರ ಸರಕಾರದ ಬೌದ್ಧಿಕ ವಿಕಲಚೇತನರ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಊರಿಗೆ ಹೋದಾಗ ಕನ್ನಡದಲ್ಲಿಯೇ ಮಗುವನ್ನು ತೋರಿಸಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2016ರ ಕಾಯಿದೆ ಹೇಳುವ ಇಪ್ಪತ್ತೊಂದು ವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಎ.ಡಿ.ಎಚ್.ಡಿ. ಹೆಸರು ಅದರಲ್ಲಿಲ್ಲ. ಆಟಿಸಂ ಇರುವ ಮಗು ಹದಿನೆಂಟು ದಾಟಿದ ಮೇಲೆ ಅಗತ್ಯವಿದ್ದರೆ ನ್ಯಾಶನಲ್ ಟ್ರಸ್ಟ್ ಕಾಯಿದೆಯಡಿ ಪಾಲಕತ್ವದ ಪ್ರಮಾಣಪತ್ರ ದೊರೆಯುತ್ತದೆ; ಬ್ಯಾಂಕುಗಳು ಖಾತೆಗಾಗಿ ಅದನ್ನು ಒಪ್ಪಬೇಕು. ಈ ಫಾರಮುಗಳನ್ನು ತುಂಬಲು ತೊಡಕಾದವರು ಭಾನುವಾರ ನಮ್ಮ ಮನೆಗೆ ಬರಬಹುದು. ಮೆಗಾಬ್ಲಾಕ್ ಇರುವ ಭಾನುವಾರವಾದರೆ ನಾವೇ ನಡೆದು ಬರುತ್ತೇವೆ.

ನಾಲ್ಕನೆಯದು, ಮಗುವಿನ ಮಾತು ತಡವಾಯಿತೆಂಬ ಕಾರಣಕ್ಕೆ ಯಾವ ಮನೆಯ ಅಜ್ಜಿಯೂ ಬಾಯಿ ಮುಚ್ಚಿಕೊಳ್ಳದಿರಲಿ. ಕನ್ನಡ ಉಳಿಸೋಣವೆಂದು ಪ್ರತಿವರ್ಷ ಇಲ್ಲಿ ಭಾಷಣವಾಗುತ್ತದೆ. ಅದನ್ನು ಉಳಿಸುವ ಒಂದು ಸ್ಥಳ, ಮಾತು ಬಾರದ ಮಗುವಿನ ಕಿವಿ.

ಬಂಧುಗಳೆ, ಇಂದು ನಾವು ಆಚರಿಸುತ್ತಿರುವುದು ಏಕೀಕರಣದ ದಿನ. 1956ಕ್ಕೆ ಮೊದಲು ಧಾರವಾಡದವರಿಗೆ ರಾಜಧಾನಿ ಮುಂಬಯಿ. ಮೈಸೂರು ಬೇರೆ ರಾಜ್ಯ, ಮಂಗಳೂರಿನ ಆಡಳಿತ ಮದರಾಸಿನಿಂದ, ಕಲಬುರ್ಗಿಯದು ಹೈದರಾಬಾದಿನಿಂದ, ಕೊಡಗು ತಾನೇ ಒಂದು ರಾಜ್ಯ. ಭಾಗಗಳೆಲ್ಲ ಇದ್ದವು, ನಡುವಣ ದಾರಿಗಳು ಬೇರೆ ಕಡೆಗೆ ಹರಿದಿದ್ದವು. ನವೆಂಬರ್ 1ರಂದು ಒಂದು ರಾಜ್ಯವಾದರೂ ಕರ್ನಾಟಕವೆಂಬ ಹೆಸರು ಬರಲು 1973 ಬೇಕಾಯಿತು. ಆ ಹದಿನೇಳು ವರ್ಷ ನಮ್ಮ ಹಿರಿಯರು ಕಾದರು. ಕಾಯುತ್ತ ಕೈಕಟ್ಟಿ ಕೂರಲಿಲ್ಲ, ಒಂದೊಂದೇ ದಾರಿ ಹಾಕಿದರು. ನಮ್ಮ ಮಗನ ವಿಷಯದಲ್ಲಿಯೂ ನಾವು ಅಷ್ಟನ್ನೇ ಮಾಡುತ್ತಿದ್ದೇವೆ.

ಹೊರಗೆ ಅವನು ಕಾದಿದ್ದಾನೆ. ಒಂಬತ್ತು ಗಂಟೆಗೆ ಹಾಸಿಗೆಯ ಠೇಶನ್ನು. ಅಲ್ಲಿಗೆ ತಡವಾಗಿ ಮುಟ್ಟಿದರೆ ಅವನು ಒಪ್ಪುವುದಿಲ್ಲ.